ಸ್ಟ್ರಾಸ್‌ಬರ್ಗ್ ಕೆಥೆಡ್ರಲ್ ಒಂದೇ ದಿನದಲ್ಲಿ: ಯಾವ ಹೊತ್ತಿಗೆ ಏನು ನೋಡಬೇಕು, ಗಡಿಯಾರಕ್ಕೆ ಕಾಯಬೇಕೇ?

ಶರಾವತಿ
ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ ಬೆಳಗ್ಗೆ ಹೊರಟು ರಾತ್ರಿಯೊಳಗೆ ವಾಪಸಾಗುವ ಹಾಗೆ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನ ನೋತ್ರ್ ದಾಮ್ ಕೆಥೆಡ್ರಲ್ ನೋಡುವ ಯೋಚನೆಯಿದೆ. ಊರಿಂದ ಬಂದಿರುವ ಹಿರಿಯರಿಬ್ಬರು ಜೊತೆಗಿರುತ್ತಾರೆ. ಎಲ್ಲಿ ಹುಡುಕಿದರೂ "ತುಂಬಾ ಚೆನ್ನಾಗಿದೆ, ತಪ್ಪದೇ ನೋಡಿ" ಎನ್ನುವುದು ಬಿಟ್ಟರೆ ಉಪಯೋಗದ ಮಾಹಿತಿ ಸಿಗುತ್ತಿಲ್ಲ. ಎಷ್ಟು ಹೊತ್ತಿಗೆ ಒಳಗೆ ಹೋಗಬೇಕು? ಒಳಗಿರುವ ದೊಡ್ಡ ಖಗೋಳ ಗಡಿಯಾರದ ಗೊಂಬೆಗಳ ಪ್ರದರ್ಶನಕ್ಕೆ ಕಾಯುವುದು ಸಾರ್ಥಕವೇ? ಗೋಪುರ ಹಿರಿಯರಿಗೆ ಆದೀತೇ? ನಿಧಾನವಾಗಿ ನಿಂತು ನೋಡಬೇಕಾದ್ದು ಯಾವುದು? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಬರೆಯಿರಿ.

ರೈನ್‌ದಂಡೆ
ಮೊದಲು ಹೊತ್ತಿನ ವಿಷಯ ಹೇಳಿಬಿಡುತ್ತೇನೆ, ಬಹಳ ಜನ ಎಡವುವುದು ಅಲ್ಲೇ. ಒಳಗೆ ಪ್ರವೇಶ ಉಚಿತ. ಆದರೆ ವಾರದ ದಿನಗಳಲ್ಲಿ ಬೆಳಗ್ಗೆ ಎಂಟೂವರೆಯ ಸುಮಾರಿಗೆ ತೆರೆದು, 11:15ರ ಹೊತ್ತಿಗೆ ಪ್ರವಾಸಿಗಳನ್ನೆಲ್ಲ ಹೊರಗೆ ಕಳಿಸುತ್ತಾರೆ. ಗಡಿಯಾರದ ಪ್ರದರ್ಶನ ಮುಗಿದ ಮೇಲೆ, 12:45ರ ಸುಮಾರಿಗೆ ಮತ್ತೆ ಬಿಡುತ್ತಾರೆ. ಹನ್ನೊಂದು ಗಂಟೆಗೆ ಸ್ಟೇಷನ್ನಿನಲ್ಲಿ ಇಳಿದು ನಡೆದು ಬಂದವರಿಗೆ ಸಿಗುವುದು ಮುಚ್ಚಿದ ಬಾಗಿಲು. ಭಾನುವಾರ ಬೆಳಗ್ಗೆ ಪೂಜೆಗಳಿರುವುದರಿಂದ ಮಧ್ಯಾಹ್ನದ ಮೇಲಷ್ಟೇ ಸುತ್ತಾಡಲು ಬಿಡುತ್ತಾರೆ. ಒಂದೇ ದಿನ ಇರುವವರು ಭಾನುವಾರ ಬೇಡವೇ ಬೇಡ. ಹಬ್ಬದ ದಿನ, ಸಂಗೀತ ಕಚೇರಿಯ ದಿನ ವೇಳೆ ಬದಲಾಗುತ್ತದೆ. ಹೊರಡುವ ಹಿಂದಿನ ರಾತ್ರಿ ಕೆಥೆಡ್ರಲ್‌ನ ಜಾಲತಾಣ ಒಮ್ಮೆ ನೋಡಿಕೊಳ್ಳಿ.

ನನ್ನ ಸಲಹೆಯ ಕ್ರಮ ಹೀಗೆ: ಒಂಬತ್ತರೊಳಗೆ ಒಳಗೆ. ಮೊದಲು ಉತ್ತರದ ಬದಿಯ ಗಾಜು, ಆಮೇಲೆ ಪೂಜೆಯ ವೇದಿಕೆಯ ಕಡೆ, ಕೊನೆಗೆ ಶಿಲುಬೆಯಾಕಾರದ ಕಟ್ಟಡದ ದಕ್ಷಿಣದ ತೋಳಿನಲ್ಲಿರುವ ದೇವದೂತರ ಕಂಬ, ಅಂದರೆ ದೇವದೂತರ ಮೂರ್ತಿಗಳಿರುವ ಕಲ್ಲುಕಂಬ. ಹನ್ನೊಂದಕ್ಕೆ ಹೊರಬಂದು ಗಡಿಯಾರದ ಸಾಲಿನಲ್ಲಿ ನಿಲ್ಲಿ. ಊಟವಾದ ಮೇಲೆ ಎದುರಿನ ಮ್ಯೂಸಿಯಂ. ಪಶ್ಚಿಮದ ಮುಖವನ್ನು ಸಂಜೆಗೆ ಇಟ್ಟುಕೊಳ್ಳಿ. ಬೆಳಗ್ಗೆ ಆ ಮುಖ ಪೂರಾ ನೆರಳಲ್ಲಿರುತ್ತದೆ, ಕೆತ್ತನೆಯ ಆಳ ಕಣ್ಣಿಗೆ ಬೀಳುವುದಿಲ್ಲ. ಮಧ್ಯಾಹ್ನ ಮೂರು ದಾಟಿದ ಮೇಲೆ ಬಿಸಿಲು ಓರೆಯಾಗಿ ಬಿದ್ದಾಗ ಗುಲಾಬಿ ಮರಳುಗಲ್ಲು ಕೆಂಪೇರುತ್ತದೆ, ಒಂದೊಂದು ಸಣ್ಣ ಕಂಬವೂ ಹಿಂದಿನ ಗೋಡೆಯಿಂದ ಬೇರೆಯಾಗಿ ನಿಂತಿರುವುದು ಸ್ಪಷ್ಟವಾಗಿ ಕಾಣುತ್ತದೆ.

ಗಡಿಯಾರಪ್ರಿಯ
ಗಡಿಯಾರಕ್ಕೆ ಕಾಯಬೇಕೇ ಎಂದರೆ: ಕಾಯಿರಿ, ಆದರೆ ಬರೀ ಗೊಂಬೆಗಳಿಗಾಗಿ ಅಲ್ಲ.

ಪ್ರತ್ಯೇಕ ಟಿಕೆಟ್ ಇದೆ. ಪ್ರವೇಶ ಮುಂಭಾಗದ ದೊಡ್ಡ ಬಾಗಿಲಿನಿಂದಲ್ಲ, ಪ್ಲಾಸ್ ದು ಶಾತೊ ಕಡೆಯ ದಕ್ಷಿಣ ಬಾಗಿಲಿನಿಂದ. ಹನ್ನೆರಡಕ್ಕೆ ಒಂದು ಕಿರುಚಿತ್ರ ತೋರಿಸುತ್ತಾರೆ, 12:30ಕ್ಕೆ ಅಪೊಸ್ತಲರ ಮೆರವಣಿಗೆ. ಹನ್ನೆರಡು ಶಿಷ್ಯರು ಒಬ್ಬೊಬ್ಬರಾಗಿ ಕ್ರಿಸ್ತನ ಮುಂದೆ ಹಾದುಹೋಗುತ್ತಾರೆ, ಎಡಗಡೆಯ ಗೋಪುರದ ಮೇಲಿನ ಹುಂಜ ರೆಕ್ಕೆ ಬಡಿದು ಮೂರು ಸಲ ಕೂಗುತ್ತದೆ. ಕೆಲವೇ ನಿಮಿಷ, ಅಷ್ಟೇ. ಅಪೊಸ್ತಲರು ಇರುವುದು ಗಡಿಯಾರದ ನೆತ್ತಿಯಲ್ಲಿ, ಗಡಿಯಾರದ ಎತ್ತರ ಸುಮಾರು 18 ಮೀಟರ್. ಬುಡಕ್ಕೆ ಹೋಗಿ ನಿಂತರೆ ಕತ್ತು ನೋಯುತ್ತದೆಯೇ ಹೊರತು ಮೇಲಿನದು ಸರಿಯಾಗಿ ಕಾಣುವುದಿಲ್ಲ. ಹಿಂದಕ್ಕೆ ಸರಿದು, ದೇವದೂತರ ಕಂಬ ಅಡ್ಡ ಬಾರದ ಹಾಗೆ ನಿಲ್ಲಿ.

12:30 ಏಕೆಂದರೆ ಈ ಗಡಿಯಾರದ ಲೆಕ್ಕ ಸ್ಟ್ರಾಸ್‌ಬರ್ಗ್‌ನ ಸ್ಥಳೀಯ ವೇಳೆಯದು. ಊರು ಇರುವುದು ಸುಮಾರು 7.75 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಮಧ್ಯ ಯುರೋಪಿನ ವೇಳೆ ನಿಂತಿರುವುದು 15 ಡಿಗ್ರಿಯ ಮೇಲೆ. ಒಂದು ಡಿಗ್ರಿಗೆ ನಾಲ್ಕು ನಿಮಿಷ, ಹಾಗಾಗಿ ಅರ್ಧ ಗಂಟೆಯ ವ್ಯತ್ಯಾಸ. ಬೆಂಗಳೂರಿನಲ್ಲೂ ಸೂರ್ಯ ನೆತ್ತಿಗೆ ಬರುವುದು ಸರಾಸರಿಯಲ್ಲಿ 12:20ರ ಸುಮಾರಿಗೆ ತಾನೇ? ಅದೇ ಲೆಕ್ಕ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಅಲ್ಲಿ ಈಗಿರುವುದು ಮೂರನೆಯ ಗಡಿಯಾರ. ಮೊದಲನೆಯದು 1350ರ ದಶಕದ್ದು. ಎರಡನೆಯದು 1570ರ ದಶಕದಲ್ಲಿ ಗಣಿತಜ್ಞ ದಸಿಪೋಡಿಯಸ್ ರೂಪಿಸಿದ್ದು. ಕಪಾಟು, ವರ್ಣಚಿತ್ರ ಆ ಕಾಲದವು. ಒಳಗಿನ ಯಂತ್ರ 1838ರಿಂದ 1843ರವರೆಗೆ ಜಾನ್ ಬ್ಯಾಪ್ಟಿಸ್ಟ್ ಶ್ವಿಲ್ಗೆ ಹೊಸದಾಗಿ ಮಾಡಿದ್ದು. ನಮ್ಮ ಲೆಕ್ಕದಲ್ಲಿ ಇದು ಪೂರ್ತಿ ಪಂಚಾಂಗ. ಕೆಳಗೆ ನೆಲದ ಮಟ್ಟದಲ್ಲಿ ನಕ್ಷತ್ರಗಳ ಗೋಳ, ಅದರ ಹಿಂದೆ ವರ್ಷದ ದಿನಗಳನ್ನು ತೋರಿಸುವ ದೊಡ್ಡ ಉಂಗುರ. ಅದರ ಮೇಲೆ ವಾರದ ದೇವತೆಗಳ ರಥಗಳು, ದಿನಕ್ಕೊಂದು. ಮೇಲಕ್ಕೆ ಹೋದರೆ ಗ್ರಹಗಳ ಫಲಕ, ಇನ್ನೂ ಮೇಲೆ ಚಂದ್ರನ ಗುಂಡು. ಅರ್ಧ ಕಪ್ಪು, ಅರ್ಧ ಬಂಗಾರ, ತಿರುಗುತ್ತಾ ಅಂದಿನ ಚಂದ್ರಕಲೆ ತೋರಿಸುತ್ತದೆ.

ನೋಡಲೇಬೇಕಾದ ಭಾಗ ಎಡಗಡೆ ಕೆಳಗೆ, ಗಾಜಿನ ಹಿಂದಿರುವ ಹಲ್ಲುಚಕ್ರಗಳ ಗುಂಪು. ಬಹುಪಾಲು ಜನ ಅದರತ್ತ ತಿರುಗಿಯೂ ನೋಡುವುದಿಲ್ಲ. ಈಸ್ಟರ್ ಬರುವುದು ಮಾರ್ಚ್ 21ರಂದು ಅಥವಾ ಅದರ ಮೇಲೆ ಬೀಳುವ ಮೊದಲ ಹುಣ್ಣಿಮೆಯ ನಂತರದ ಭಾನುವಾರ. ಮಾರ್ಚ್ 22ರಿಂದ ಏಪ್ರಿಲ್ 25ರವರೆಗೆ ಯಾವ ದಿನವಾದರೂ ಆಗಬಹುದು. ಇದನ್ನು ಕಾಗದದ ಮೇಲೆ ಲೆಕ್ಕ ಹಾಕುವುದೇ ತಲೆನೋವು. ಈ ಚಕ್ರಗಳು ಡಿಸೆಂಬರ್ 31ರ ನಡುರಾತ್ರಿ ಒಮ್ಮೆ ತಿರುಗಿ, ಮುಂದಿನ ವರ್ಷದ ಈಸ್ಟರ್ ಯಾವತ್ತು ಎಂದು ತಾವೇ ನಿರ್ಧರಿಸಿ ಇಡುತ್ತವೆ. ನೂರರಿಂದ ಭಾಗವಾಗುವ ವರ್ಷ ಅಧಿಕ ವರ್ಷವಲ್ಲ, ನಾನೂರರಿಂದ ಭಾಗವಾದರೆ ಹೌದು, ಈ ನಿಯಮವೂ ಚಕ್ರದ ಹಲ್ಲುಗಳಲ್ಲೇ ಇದೆ. ಕಂಪ್ಯೂಟರ್ ಎಂಬುದು ಇಲ್ಲದ ಕಾಲದಲ್ಲಿ ಬರೀ ಲೋಹದಲ್ಲಿ ಒಬ್ಬ ಮನುಷ್ಯ ಇಷ್ಟು ಕೂರಿಸಿದ್ದಾನೆ ಎಂಬುದು ನನಗೆ ಆ ಹುಂಜಕ್ಕಿಂತ ನೂರು ಪಾಲು ದೊಡ್ಡದು.

ಶರಾವತಿ
ವಾರದ ರಥಗಳು ಅಂದಿರಲ್ಲ, ಯಾವ ದೇವತೆಗಳು? ಮಕ್ಕಳಿಗೆ ಹೇಳಲು ಬೇಕಿತ್ತು.

ಗಡಿಯಾರಪ್ರಿಯ
ಭಾನುವಾರ ಅಪೊಲೊ, ಅಂದರೆ ಸೂರ್ಯ. ಸೋಮವಾರ ಡಯಾನಾ, ಅಂದರೆ ಚಂದ್ರ. ಮುಂದೆ ಮಾರ್ಸ್, ಮರ್ಕ್ಯುರಿ, ಜುಪಿಟರ್, ವೀನಸ್, ಸ್ಯಾಟರ್ನ್. ನಮ್ಮ ಮಂಗಳ, ಬುಧ, ಗುರು, ಶುಕ್ರ, ಶನಿ ಅದೇ ಸಾಲಿನಲ್ಲಿವೆ. ನೀವು ಹೋದ ದಿನ ಯಾವ ರಥ ಎದುರಿಗಿದೆ ಎಂದು ಮಕ್ಕಳೇ ಗುರುತಿಸಬಹುದು.

ಕಾಲು ಗಂಟೆಗೊಮ್ಮೆ ನಡೆಯುವ ಇನ್ನೊಂದು ಆಟವೂ ಇದೆ. ಇಬ್ಬರು ಪುಟ್ಟ ದೇವದೂತರಲ್ಲಿ ಒಬ್ಬ ಗಂಟೆ ಹೊಡೆಯುತ್ತಾನೆ, ಇನ್ನೊಬ್ಬ ತಾಸಿಗೊಮ್ಮೆ ಮರಳುಗಡಿಯಾರ ತಿರುಗಿಸುತ್ತಾನೆ. ಮೇಲೆ ಸಾವಿನ ಮೂರ್ತಿಯ ಮುಂದೆ ಮೊದಲ ಕಾಲಿಗೆ ಮಗು, ಅರ್ಧಕ್ಕೆ ಯುವಕ, ಮುಕ್ಕಾಲಿಗೆ ನಡುವಯಸ್ಕ, ಗಂಟೆ ತುಂಬಿದಾಗ ಮುದುಕ ಹಾದುಹೋಗುತ್ತಾರೆ. ಇದಕ್ಕೆ ಟಿಕೆಟ್ ಬೇಕಿಲ್ಲ. ಬೆಳಗ್ಗೆ ಒಳಗಿರುವಾಗಲೇ ಹತ್ತೂ ಕಾಲಿಗೋ ಹತ್ತೂವರೆಗೋ ಗಡಿಯಾರದ ಮುಂದೆ ಇದ್ದರೆ ಸಾಕು, ಜನವೂ ಕಡಿಮೆ. ಹಿರಿಯರು ಮಧ್ಯಾಹ್ನದ ಗುಂಪಿನಲ್ಲಿ ಒಂದು ಗಂಟೆ ನಿಲ್ಲಲಾರರು ಎಂದಾದರೆ ಇಷ್ಟರಲ್ಲೇ ತೃಪ್ತಿಯಾಗಬಹುದು.

ಮರಳುಗಲ್ಲು
ಸಾಲಿನಲ್ಲಿ ನಿಲ್ಲುವವರಿಗೆ ಒಂದು ಮಾತು. ಆ ಸಾಲು ನಿಲ್ಲುವುದೇ ಇಡೀ ಕಟ್ಟಡದ ಅತ್ಯಂತ ಒಳ್ಳೆಯ ಶಿಲ್ಪಗಳ ಎದುರಿಗೆ. ಮೊಬೈಲ್ ಒಳಗಿಟ್ಟು ತಲೆ ಎತ್ತಿ.

ದಕ್ಷಿಣದ ಜೋಡಿ ಬಾಗಿಲಿನ ಎರಡೂ ಬದಿ ಎರಡು ಹೆಣ್ಣುಮೂರ್ತಿಗಳಿವೆ, 1230ರ ಸುಮಾರಿನವು. ಎಡಗಡೆಯವಳು ಕಿರೀಟ ತೊಟ್ಟು, ಕೈಯಲ್ಲಿ ಶಿಲುಬೆ ಹಿಡಿದು ನೇರವಾಗಿ ನಿಂತಿದ್ದಾಳೆ: ಕ್ರೈಸ್ತ ಸಭೆಯ ರೂಪ. ಬಲಗಡೆಯವಳು ಯಹೂದಿ ಧರ್ಮದ ರೂಪ. ಕಣ್ಣಿಗೆ ಪಟ್ಟಿ, ಮುರಿದ ಭರ್ಜಿ, ಕೈಯಿಂದ ಜಾರುತ್ತಿರುವ ಧರ್ಮಶಾಸ್ತ್ರದ ಹಲಗೆ. ಹತ್ತಿರದಿಂದ ನೋಡಿದರೆ ಕಣ್ಣುಪಟ್ಟಿ ಎಷ್ಟು ತೆಳುವಾಗಿ ಕೆತ್ತಿದೆಯೆಂದರೆ, ಅದರ ಅಡಿಯಲ್ಲಿ ರೆಪ್ಪೆಯ ಉಬ್ಬು ಕಾಣುತ್ತದೆ. ಸೊಂಟದಲ್ಲಿ ತಿರುಗಿದ ಮೈ, ಬಟ್ಟೆಯ ಮಡಿಕೆ ಪಾದದ ಮೇಲೆ ಮುರಿದು ಬಿದ್ದಿರುವ ರೀತಿ, ಶಿಲ್ಪಿಯ ಕೈ ಸೋತವಳ ಮೇಲೆಯೇ ಹೆಚ್ಚು ಹೊತ್ತು ನಿಂತಿದೆ ಎಂದು ನನಗನ್ನಿಸುತ್ತದೆ. ಆದರೆ ಅರ್ಥ ಮರೆಯಬಾರದು. ಇದು ಯಹೂದಿಯರನ್ನು ಕುರುಡರೆಂದು ಸಾರುವ ಶಿಲ್ಪ. ಇದೇ ಊರಿನಲ್ಲಿ 1349ರ ಫೆಬ್ರವರಿ 14ರಂದು ಯಹೂದಿಯರನ್ನು ನೂರುಗಟ್ಟಲೆ ಸುಟ್ಟು ಕೊಂದರು. ಮಕ್ಕಳಿಗೆ ತೋರಿಸುವಾಗ ಎರಡನ್ನೂ ಹೇಳಿ.

ಅಲ್ಲಿ ನಿಂತಿರುವವು ಪ್ರತಿಗಳು. ಮೂಲ ಮೂರ್ತಿಗಳು ಅದೇ ಚೌಕದಲ್ಲಿರುವ ಮ್ಯೂಸೆ ದ ಲವ್ರ್ ನೋತ್ರ್ ದಾಮ್ ಒಳಗೆ, ನಮ್ಮ ಕಣ್ಣಿನ ಮಟ್ಟಕ್ಕೆ ಬಹಳ ಹತ್ತಿರದಲ್ಲಿವೆ. ರೈನ್‌ದಂಡೆಯವರು ಹೇಳಿದ ಮ್ಯೂಸಿಯಂ ಇದೇ. ಸಮಯ ಕಡಿಮೆಯಿದ್ದರೆ ಗೋಪುರ ಬಿಡಿ, ಇದನ್ನು ಬಿಡಬೇಡಿ. 13, 14ನೇ ಶತಮಾನದ ಕಟ್ಟಡದ ನಕ್ಷೆಗಳೂ ಅವರ ಸಂಗ್ರಹದಲ್ಲಿವೆ, ಚರ್ಮದ ಹಾಳೆಯ ಮೇಲೆ ಶಾಯಿಯಲ್ಲಿ ಬರೆದವು. ವಾರದಲ್ಲಿ ಒಂದು ದಿನ ರಜೆ ಇರುತ್ತದೆ, ನೋಡಿಕೊಳ್ಳಿ.

ಹುಬ್ಬಳ್ಳಿ ಮಂದಿ
ಗೋಪುರದ ಬಗ್ಗೆ ನಾ ಹೇಳ್ತೀನ್ರಿ. ಲಿಫ್ಟ್ ಇಲ್ಲ. 330ರ ಮ್ಯಾಲೆ ಮೆಟ್ಟಲ ಅದಾವ, ಸುತ್ತಿ ಸುತ್ತಿ ಹೋಗೂ ಕಲ್ಲಿನ ಮೆಟ್ಟಲ. ಹತ್ತೂದು 66 ಮೀಟರ್ ಎತ್ತರದಾಗಿನ ಕಟ್ಟೀತನಕ ಅಷ್ಟ, ಶಿಖರದ ತುದೀತನಕ ಬಿಡಂಗಿಲ್ಲ. ಟಿಕೆಟ್ ಬ್ಯಾರೆ, ಬಾಗಲಾನೂ ಬ್ಯಾರೆ: ಮುಂದಿನ ಮುಖಕ್ಕ ಎದುರು ನಿಂತ್ರ ಬಲಗಡೆ ಮೂಲ್ಯಾಗ ಐತಿ.

ಹಿರ‍್ಯಾರಿಗೆ ಮಣಕಾಲ ನೋವಿದ್ರ ಬ್ಯಾಡ್ರಿ. ಹತ್ತೂದಕ್ಕಿಂತ ಇಳಿಯೂದ ತ್ರಾಸು. ಮೆಟ್ಟಲ ಒಳಬದಿಗೆ ಸಣ್ಣಾಗ್ತಾವ, ಅದಕ್ಕ ಹೊರಬದೀಲೆ ಹೆಜ್ಜಿ ಇಡಬೇಕು. ಕಲ್ಲು ನಡಬರಕ ಸವದು ತಗ್ಗಾಗೇತಿ, ಮಳಿ ಬಂದ್ರ ಜಾರತೈತಿ. ಇನ್ನೊಂದು, ಮೆಟ್ಟಲ ಗೂಡಿಗೆ ಅಲ್ಲಲ್ಲಿ ಉದ್ದನ್ನ ಕಿಂಡಿ ಅದಾವ, ಹೊರಗಿನ ಗಾಳಿ ಒಳಗ ಬರತೈತಿ, ಕೆಳಗಿನ ಓಣಿ ಕಾಣತೈತಿ. ತಲಿ ತಿರಗೂ ಮಂದಿಗೆ ಅದ ಕಷ್ಟ. ಗಾಳಿ ಜೋರಿದ್ರ, ಸಿಡಿಲಿನ ಭಯ ಇದ್ರ ಅವರ ಮುಚ್ಚಿಬಿಡ್ತಾರ.

ಮ್ಯಾಲೆ ಹೋದವರು ಬರೇ ಊರು ನೋಡಿ ಇಳೀಬ್ಯಾಡ್ರಿ. ಕಟ್ಟೀ ಮ್ಯಾಲಿಂದ ತಲಿ ಎತ್ತಿ ಎಂಟು ಮೂಲಿ ಗೋಪುರ ನೋಡ್ರಿ. ಅದರ ನಾಕೂ ಮೂಲ್ಯಾಗ ಸುರುಳಿ ಮೆಟ್ಟಲ ಗೂಡು ಬಿಡಿಬಿಡಿಯಾಗಿ ನಿಂತಾವ, ಗ್ವಾಡಿಗೆ ಹತ್ತಿಲ್ಲ. ಆಕಾಶ ಆರಪಾರ ಕಾಣತೈತಿ. ಕಟ್ಟೀ ಮ್ಯಾಲಿನ ಕಲ್ಲಿನಾಗ ಹಳೇ ಕಾಲದ ಮಂದಿ ಹೆಸರ ಕೆತ್ತ್ಯಾರ, ಜರ್ಮನ್ ಕವಿ ಗಯಟೆ ಹೆಸರೂ ಅದಾಗ ಐತಿ. ಅಂವಾ 1770-71ರಾಗ ಇಲ್ಲಿ ಕಾನೂನು ಓದಾಕ ಬಂದಾಗ, ಎತ್ತರದ ಅಂಜಿಕಿ ಬಿಡಿಸಿಕೊಳ್ಳಾಕ ಬೇಕಂತ ಇದನ್ನ ಮತ್ತ ಮತ್ತ ಹತ್ತತಿದ್ದ.

ಹೊಸಪೇಟೆ ಹುಡುಗ
ಮೈಸೂರಿನ ಫಿಲೋಮಿನಾ ಚರ್ಚಿಗೆ ಎರಡು ಗೋಪುರ ಇದೆಯಲ್ಲ, ಇಲ್ಲಿ ಯಾಕೆ ಒಂದೇ? ಅರ್ಧಕ್ಕೆ ನಿಂತ ಹಾಗೆ ಕಾಣುತ್ತದೆ. ನೆಲ ಗಟ್ಟಿಯಿಲ್ಲ ಅಂತ ಎಲ್ಲೋ ಓದಿದ್ದೆ.

ಮರಳುಗಲ್ಲು
ಮೈಸೂರಿನದು 1933ರಲ್ಲಿ ಅಡಿಗಲ್ಲು ಬಿದ್ದದ್ದು, ಕಲೋನ್ ಕೆಥೆಡ್ರಲ್‌ನ ಮಾದರಿ. ಕಲೋನ್‌ನ ಎರಡು ಶಿಖರಗಳೂ ಮುಗಿದದ್ದು 1880ರಲ್ಲಿ, ಹಳೆಯ ನಕ್ಷೆ ಇಟ್ಟುಕೊಂಡು ಹತ್ತೊಂಬತ್ತನೇ ಶತಮಾನದವರು ಪೂರೈಸಿದ್ದು. ಸ್ಟ್ರಾಸ್‌ಬರ್ಗ್‌ನಲ್ಲಿ ಹಾಗೆ ಪೂರೈಸುವ ಗೋಜಿಗೆ ಹೋಗಲಿಲ್ಲ.

ಕ್ರಮವಾಗಿ ಹೇಳುವುದಾದರೆ, 1015ರಲ್ಲಿ ಬಿಷಪ್ ವೆರ್ನರ್ ಕಟ್ಟಿಸಲು ಶುರುಮಾಡಿದ ಹಳೆಯ ಚರ್ಚು 1176ರಲ್ಲಿ ಸುಟ್ಟುಹೋಯಿತು. ಮತ್ತೆ ಕಟ್ಟುವಾಗ ಪೂರ್ವದ ವೇದಿಕೆ ಭಾಗ ಹಳೆಯ ರೋಮನೆಸ್ಕ್ ರೀತಿಯಲ್ಲೇ ಎದ್ದಿತು. ದಪ್ಪ ಗೋಡೆ, ದುಂಡು ಕಮಾನು, ಕಡಿಮೆ ಬೆಳಕು. 1220-30ರ ಹೊತ್ತಿಗೆ ಫ್ರಾನ್ಸಿನ ಹೊಸ ಗೋಥಿಕ್ ರೀತಿ ಕಲಿತ ಕೆಲಸಗಾರರು ಬಂದರು, ದಕ್ಷಿಣದ ತೋಳಿನಲ್ಲಿ ದೇವದೂತರ ಕಂಬ ನಿಂತಿತು. ನಡುಮನೆ, ಅಂದರೆ ಜನ ಕೂರುವ ನಡುವಿನ ಉದ್ದ ಸಭಾಂಗಣ, 1275ಕ್ಕೆ ಮುಗಿಯಿತು. 1277ರಲ್ಲಿ ಪಶ್ಚಿಮದ ಮುಖ ಶುರುವಾಯಿತು, ಅದರೊಂದಿಗೆ ಎರ್ವಿನ್ ಫೊನ್ ಸ್ಟೈನ್‌ಬಾಖ್ ಹೆಸರು ಸೇರಿಕೊಂಡಿದೆ. ಅವನು ತೀರಿಕೊಂಡದ್ದು 1318ರಲ್ಲಿ. ಮೊದಲಿಗೆ ಯೋಚಿಸಿದ್ದು ಎರಡು ಗೋಪುರಗಳೇ. ಆಮೇಲೆ 14ನೇ ಶತಮಾನದ ಕೊನೆಯಲ್ಲಿ ಎರಡರ ನಡುವಿನ ಖಾಲಿ ಜಾಗವನ್ನು ಗಂಟೆಮನೆಯಿಂದ ತುಂಬಿಸಿಬಿಟ್ಟರು. ಮುಂಭಾಗ ಅಷ್ಟೊಂದು ಚೌಕಾಕಾರವಾಗಿ ಕಾಣಲು ಅದೇ ಕಾರಣ. ಅದರ ಮೇಲೆ ಉತ್ತರದ ಬದಿಯಲ್ಲಿ 1399ರಿಂದ ಉಲ್ಮ್‌ನ ಉಲ್ರಿಶ್ ಫೊನ್ ಎನ್ಸಿಂಗೆನ್ ಎಂಟು ಮೂಲೆಯ ಭಾಗ ಎಬ್ಬಿಸಿದ. ಕಲೋನ್‌ನ ಯೋಹಾನ್ ಹ್ಯೂಲ್ಟ್ಸ್ 1439ರಲ್ಲಿ ಶಿಖರ ಮುಗಿಸಿದ. ಒಟ್ಟು 142 ಮೀಟರ್. 1647ರಿಂದ 1874ರವರೆಗೆ ಜಗತ್ತಿನಲ್ಲಿ ಅದಕ್ಕಿಂತ ಎತ್ತರದ ಕಟ್ಟಡ ಇರಲಿಲ್ಲ.

ಎರಡನೆಯದು ಏಕಿಲ್ಲ ಎಂಬುದಕ್ಕೆ ಒಂದೇ ಕಾರಣ ಹೇಳುವವರನ್ನು ನಂಬಬೇಡಿ. ದುಡ್ಡು, ನೆಲ, ಬದಲಾದ ಅಭಿರುಚಿ, 1520ರ ದಶಕದಲ್ಲಿ ಊರು ಪ್ರೊಟೆಸ್ಟಂಟ್ ಆದದ್ದು, ಎಲ್ಲವೂ ಸೇರಿಕೊಂಡಿವೆ. 1681ರಲ್ಲಿ ಹದಿನಾಲ್ಕನೇ ಲೂಯಿ ಊರನ್ನು ಹಿಡಿದು ಕ್ಯಾಥೊಲಿಕರಿಗೆ ಮರಳಿಸಿದ ಮೇಲೂ ಇನ್ನೊಂದು ಶಿಖರ ಏಳಲಿಲ್ಲ.

ನೆಲದ ಮಾತು ಮಾತ್ರ ಪೊಳ್ಳಲ್ಲ. ಅಡಿಪಾಯ ನಿಂತಿರುವುದು ಜೌಗಿನಲ್ಲಿ ಬಡಿದ ಮರದ ಗೂಟಗಳ ಮೇಲೆ. ಮರ ಸದಾ ನೀರಿನಲ್ಲಿ ಮುಳುಗಿದ್ದರೆ ಶತಮಾನಗಟ್ಟಲೆ ಕೊಳೆಯುವುದಿಲ್ಲ, ಗಾಳಿ ತಾಗಿತೋ ಕೆಟ್ಟಿತು. ರೈನ್ ನದಿಯ ಪಾತ್ರವನ್ನು ನೇರ ಮಾಡಿದ ಮೇಲೆ ಅಂತರ್ಜಲ ಕೆಳಗಿಳಿಯಿತು, ಗೂಟಗಳ ತಲೆ ಒಣಗಿ ಕೊಳೆಯಿತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಶಿಖರದ ಕೆಳಗಿನ ಕಂಬದ ಹತ್ತಿರ ಬಿರುಕು ಬಿಟ್ಟಿತು. ಆ ಒಂದು ಕಂಬದ ಮೇಲಿನ ಭಾರ ಸುಮಾರು 7,500 ಟನ್. ಯೋಹಾನ್ ಕ್ನಾಟ್ ಎಂಬ ವಾಸ್ತುಶಿಲ್ಪಿ ಕಂಬಕ್ಕೆ ಕಾಂಕ್ರೀಟಿನ ಕವಚ ತೊಡಿಸಿ, ಹೈಡ್ರಾಲಿಕ್ ಜಾಕ್‌ಗಳ ಮೇಲೆ ಭಾರ ಹೊರಿಸಿ, ಅಡಿಯಲ್ಲಿ ಹೊಸ ಅಡಿಪಾಯ ಹಾಕುವ ದಾರಿ ಕಂಡುಹಿಡಿದ. ನಡುವೆ ಮಹಾಯುದ್ಧವೂ ಬಂತು, ಊರು ಜರ್ಮನಿಯಿಂದ ಫ್ರಾನ್ಸಿನ ಕೈಗೆ ಹೋಯಿತು, ಕೆಲಸ ಮುಗಿದದ್ದು 1926ರಲ್ಲಿ. ಪಶ್ಚಿಮದ ದೊಡ್ಡ ಬಾಗಿಲಿಂದ ಒಳಬಂದಾಗ ಎಡಗಡೆಯ ಮೊದಲ ದಪ್ಪ ಕಂಬ ಅದೇ. ಅದರ ಪಕ್ಕ ನಿಂತು ಮೇಲೆ 142 ಮೀಟರ್ ಇದೆ ಎಂದು ನೆನೆಯಿರಿ.

ಗಾಜುಗಣ್ಣು
ಒಳಗೆ ಎಲ್ಲರೂ ಮೊದಲು ತಿರುಗಿ ನೋಡುವುದು ಪಶ್ಚಿಮದ ಗುಲಾಬಿ ಕಿಟಕಿಯನ್ನು. ಅದರಲ್ಲಿ ಸಂತರ ಚಿತ್ರಗಳಿಲ್ಲ, ನಡುವಿನಿಂದ ಹೊರಟ ಗೋಧಿತೆನೆಗಳಿವೆ. ಬೆಳಗ್ಗೆ ಅದು ಮಂಕು, ಸಂಜೆಗೆ ಜೀವ ಬರುತ್ತದೆ. ಮಧ್ಯಾಹ್ನ ಮೂರರ ಮೇಲೆ ಒಮ್ಮೆ ಪುನಃ ಒಳಗೆ ಹೋಗಿ, ಹೇಗಿದ್ದರೂ ಉಚಿತ.

ಬೆಳಗ್ಗೆ ನೋಡಬೇಕಾದ್ದು ಉತ್ತರದ ಪಕ್ಕಸಾಲು. ಅಲ್ಲಿನ ಕಿಟಕಿಗಳಲ್ಲಿ ಸಾಲಾಗಿ ನಿಂತಿರುವವರು ಪವಿತ್ರ ರೋಮನ್ ಸಾಮ್ರಾಜ್ಯದ ದೊರೆಗಳು, ಚಕ್ರವರ್ತಿಗಳು. ಸಂತರಿಗಿರುವ ಹಾಗೆ ತಲೆಯ ಹಿಂದೆ ಪ್ರಭಾವಳಿ ಬೇರೆ. ಕೆಲವು ಗಾಜುಗಳು ಹಿಂದಿನ ಚರ್ಚಿನಿಂದ ಉಳಿಸಿ ತಂದ 12ನೇ ಶತಮಾನದವು. ಉತ್ತರದ ಗೋಡೆಗೆ ನೇರ ಬಿಸಿಲು ಬೀಳದ ಕಾರಣ ಬಣ್ಣ ಒಂದೇ ಸಮ ಕಾಣುತ್ತದೆ, ಮೋಡ ಮುಸುಕಿದ ದಿನ ಇನ್ನೂ ಒಳ್ಳೆಯದು. ದಕ್ಷಿಣದ ಕಿಟಕಿಗಳಿಗೆ ಬಿಸಿಲು ಬಿದ್ದರೆ ನೆಲದ ಮೇಲೆ ಬಣ್ಣ ಚೆಲ್ಲುವುದೇನೋ ಚೆಂದ, ಆದರೆ ಗಾಜಿನ ಮೇಲಿನ ಗೆರೆಗಳು ಕಣ್ಣು ಕೋರೈಸಿ ಕಾಣದೇ ಹೋಗುತ್ತವೆ.

8x32ರಂಥ ಸಣ್ಣ ಬೈನಾಕ್ಯುಲರ್ ಒಂದು ಜೊತೆಗಿರಲಿ. ಅದರಲ್ಲಿ ನೋಡಿದಾಗ ಮಾತ್ರ ಮುಖದ ಗೆರೆಗಳು ಬಣ್ಣದ ಗಾಜಲ್ಲ, ಗಾಜಿನ ಮೇಲೆ ಕಂದು ಬಣ್ಣ ಬರೆದು ಸುಟ್ಟದ್ದು ಎಂದು ತಿಳಿಯುತ್ತದೆ. ತುಂಡುಗಳನ್ನು ಜೋಡಿಸಿರುವ ಸೀಸದ ಪಟ್ಟಿಯೂ ಕಾಣುತ್ತದೆ. ಎಲ್ಲೆಲ್ಲೋ ಅಡ್ಡಾದಿಡ್ಡಿ ಹೋದ ಸೀಸದ ಗೆರೆ ಕಂಡರೆ ಅದು ಒಡೆದ ಗಾಜಿಗೆ ಹಾಕಿದ ರಿಪೇರಿ. ಎರಡನೇ ಮಹಾಯುದ್ಧದಲ್ಲಿ ಈ ಗಾಜನ್ನೆಲ್ಲ ಬಿಚ್ಚಿ ಸಾಗಿಸಿದ್ದರು. ಕೊನೆಗೆ ಸಿಕ್ಕಿದ್ದು ಜರ್ಮನಿಯ ಹೈಲ್‌ಬ್ರಾನ್ ಉಪ್ಪಿನ ಗಣಿಯಲ್ಲಿ. ವೇದಿಕೆಯ ನಡುವಿನ ಕಿಟಕಿ ಹಳೆಯದಲ್ಲ. 1944ರ ಬಾಂಬ್ ದಾಳಿಯಲ್ಲಿ ಕಟ್ಟಡಕ್ಕೆ ಏಟು ಬಿದ್ದ ಮೇಲೆ, 1956ರಲ್ಲಿ ಮ್ಯಾಕ್ಸ್ ಇಂಗ್ರಾಂ ಮಾಡಿದ್ದು, ಯುರೋಪ್ ಕೌನ್ಸಿಲ್ ಕೊಟ್ಟದ್ದು. ಮೇರಿಯ ಮೇಲೆ ಹನ್ನೆರಡು ನಕ್ಷತ್ರ ಹುಡುಕಿ.

ರೈನ್‌ದಂಡೆ
ಗಾಜುಗಣ್ಣು ಅವರು ಹೇಳಿದ್ದಕ್ಕೆ ಎರಡು ಸೇರಿಸುತ್ತೇನೆ. ನಡುಮನೆಯ ಎಡಗೋಡೆಯಲ್ಲಿ ಎತ್ತರಕ್ಕೆ ತೂಗುಬಿದ್ದಿರುವ ಆರ್ಗನ್‌ನ ಕಪಾಟಿನ ಹಳೆಯ ಭಾಗ 1385ರದ್ದು, ಒಳಗಿನ ವಾದ್ಯ 1981ರದ್ದು. ಅದರ ಕೆಳಗೆ ಸಿಂಹದ ಬಾಯಿ ಸೀಳುವ ಸ್ಯಾಮ್ಸನ್, ಪಕ್ಕದಲ್ಲಿ ಕೈಕಾಲು ಆಡಿಸುವ ಹಾಗೆ ಮಾಡಿದ ಮರದ ಗೊಂಬೆಗಳಿವೆ. ಪ್ರವಚನ ಪೀಠ 1485ರಲ್ಲಿ ಹಾನ್ಸ್ ಹ್ಯಾಮರ್ ಕೆತ್ತಿದ್ದು, ಗೈಲರ್ ಎಂಬ ಹೆಸರಾಂತ ಪ್ರವಚನಕಾರನಿಗಾಗಿ. ಅದರ ಮೆಟ್ಟಿಲ ಬದಿಯಲ್ಲಿ ಮಲಗಿರುವ ಪುಟ್ಟ ನಾಯಿಯನ್ನು ಮಕ್ಕಳಿಗೆ ಹುಡುಕಲು ಹೇಳಿ. ಜನ ಮುಟ್ಟಿ ಮುಟ್ಟಿ ನುಣುಪಾಗಿದೆ. ನೀವು ಮುಟ್ಟಬೇಡಿ.

ದೇವದೂತರ ಕಂಬದ ಎದುರು ಮೇಲಿನ ಕಟಾಂಜನದ ಮೇಲೆ ಮೊಣಕೈ ಊರಿ ನೋಡುತ್ತಿರುವ ಕಲ್ಲಿನ ಮನುಷ್ಯನೊಬ್ಬನಿದ್ದಾನೆ. ಇಷ್ಟು ತೆಳ್ಳನೆಯ ಕಂಬ ಕಮಾನುಗಳನ್ನು ಹೊರಲಾರದು ಎಂದು ಹಟ ಹಿಡಿದವನು, ಅದು ಬೀಳುವುದನ್ನೇ ಕಾಯುತ್ತಿದ್ದಾನೆ ಎಂಬುದು ಊರವರ ಕಥೆ.

ಮರಳುಗಲ್ಲು
ಸಂಜೆ ಪಶ್ಚಿಮದ ಮುಖಕ್ಕೆ ಬಂದಾಗ, ನೇರ ಎದುರಿನ ಓಣಿ ರ‍್ಯೂ ಮೆರ್ಸಿಯೇರ್ ತುದಿಯಿಂದ ನೋಡುತ್ತಾ ಹತ್ತಿರ ಬನ್ನಿ. ದೂರದಿಂದ ಗೋಡೆಯ ಮೇಲಿನ ಗೆರೆಗಳಂತೆ ಕಂಡದ್ದು ಹತ್ತಿರಕ್ಕೆ ಬಂದಾಗ ಗೋಡೆಯಿಂದ ಅರ್ಧ ಮಾರು ಮುಂದೆ, ಬಿಗಿದ ವೀಣೆಯ ತಂತಿಗಳ ಹಾಗೆ ನಿಂತ ಸಣ್ಣ ಕಲ್ಲುಕಂಬಗಳು ಎಂದು ಗೊತ್ತಾಗುತ್ತದೆ. ಅವು ಭಾರ ಹೊರುವುದಿಲ್ಲ. ಹಿಂದಿನ ಗೋಡೆ ಹೊರುತ್ತದೆ, ಇವು ಅದರ ಮುಂದೆ ನೆರಳು ಬೀಳಿಸಲೆಂದೇ ಇವೆ. ಗೋಥಿಕ್ ಎಂದರೆ ಎತ್ತರ ಎಂದುಕೊಂಡವರು ಇಲ್ಲಿ ಲೆಕ್ಕ ತಿದ್ದಿಕೊಳ್ಳಬೇಕು. ನಡುಮನೆಯ ಛಾವಣಿ ಸುಮಾರು 32 ಮೀಟರ್ ಅಷ್ಟೇ, ಫ್ರಾನ್ಸಿನ ಅಮಿಯಾಂ ಕೆಥೆಡ್ರಲ್‌ನದು 42. ಸ್ಟ್ರಾಸ್‌ಬರ್ಗ್‌ನ ಹೆಚ್ಚುಗಾರಿಕೆ ಇರುವುದು ಈ ಮುಂಭಾಗದ ಕಲ್ಲಿನ ಜಾಲದಲ್ಲಿ.

ಮೂರು ಬಾಗಿಲುಗಳಲ್ಲಿ ಬಲಗಡೆಯದರ ಬಳಿ ಹೆಚ್ಚು ಹೊತ್ತು ನಿಲ್ಲಿ. ಜಾಣ ಕನ್ಯೆಯರು ಮತ್ತು ದಡ್ಡ ಕನ್ಯೆಯರ ಕಥೆ ಅದು. ದಡ್ಡ ಕನ್ಯೆಯರ ಪಕ್ಕ ನಗುಮೊಗದ ಚೆಲುವನೊಬ್ಬ ಸೇಬು ಹಿಡಿದು ನಿಂತಿದ್ದಾನೆ. ಎದುರಿನಿಂದ ನೋಡಿದರೆ ಯಾರೋ ರಾಜಕುಮಾರ. ಬದಿಗೆ ಸರಿದು ಅವನ ಬೆನ್ನು ನೋಡಿ, ಬಟ್ಟೆಯ ಹಿಂದೆ ಕಪ್ಪೆ, ಹಾವು ಹತ್ತುತ್ತಿವೆ. ಎದುರಿಗೇ ನಿಂತು ಫೋಟೊ ತೆಗೆದು ಹೋಗುವವರಿಗೆ ಇದು ಕಾಣುವುದೇ ಇಲ್ಲ. ಇದರ ಮೂಲವೂ ಮ್ಯೂಸಿಯಂನಲ್ಲಿದೆ.

ಮೂರ್ತಿಗಳಲ್ಲಿ ಬಹಳಷ್ಟು ಆಮೇಲೆ ಮಾಡಿದವು. 1793ರಲ್ಲಿ ಫ್ರೆಂಚ್ ಕ್ರಾಂತಿಯ ಬಿಸಿಯಲ್ಲಿ 200ಕ್ಕೂ ಹೆಚ್ಚು ಮೂರ್ತಿಗಳನ್ನು ಒಡೆದರು, ಕೆಲವನ್ನು ಅಧಿಕಾರಿಗಳೇ ಬಚ್ಚಿಟ್ಟು ಉಳಿಸಿದರು. ಶಿಖರ ಬೇರೆ ಮನೆಗಳಿಗಿಂತ ಎತ್ತರವಾಗಿರುವುದು ಸಮಾನತೆಗೆ ವಿರುದ್ಧ ಎಂದು ಕೆಡವಲು ಹೊರಟಾಗ, 1794ರಲ್ಲಿ ತಗಡಿನ ದೊಡ್ಡ ಕೆಂಪು ಕ್ರಾಂತಿಟೋಪಿಯನ್ನು ಅದರ ತುದಿಗೆ ತೊಡಿಸಿ ಕಾಪಾಡಿದರು.

ಹಳೆಯ ಕಲ್ಲು, ಹೊಸ ಕಲ್ಲು ಗುರುತಿಸುವುದು ಕಷ್ಟವಲ್ಲ. ವೋಜ್ ಬೆಟ್ಟದ ಮರಳುಗಲ್ಲು ಎಲ್ಲವೂ. ಕಬ್ಬಿಣದ ಅಂಶ ಹೆಚ್ಚು ಕಡಿಮೆಯಾದ ಹಾಗೆ ಕೆಂಪು, ಗುಲಾಬಿ, ಹಳದಿ. ಅಂಚು ಚೂಪಾಗಿ, ಬಣ್ಣ ತಿಳಿಯಾಗಿದ್ದರೆ ಹೊಸದು. ಮಳೆ ತೊಳೆಯದ ಸಂದಿಗಳಲ್ಲಿ ಕಪ್ಪು ಪೊರೆ ಕೂತಿರುತ್ತದೆ, ಅದರಡಿಯ ಕಲ್ಲು ಪುಡಿಯಾಗುತ್ತಾ ಹೋಗುತ್ತದೆ. ಕಲ್ಲುಗಳನ್ನು ಹಿಡಿದಿರುವ ಕಬ್ಬಿಣದ ಕೊಂಡಿಗೆ ತುಕ್ಕು ಹಿಡಿದರೆ ಅದು ಉಬ್ಬಿ ಕಲ್ಲನ್ನೇ ಸೀಳುತ್ತದೆ. ಇದನ್ನೆಲ್ಲ ನೋಡಿಕೊಳ್ಳುವ ಲವ್ರ್ ನೋತ್ರ್ ದಾಮ್ ಸಂಸ್ಥೆ 13ನೇ ಶತಮಾನದಿಂದ ನಡೆದುಬಂದಿದೆ. ಇಂಥ ಕೆಥೆಡ್ರಲ್ ಕಾರ್ಯಾಗಾರಗಳ ಕಸುಬುಗಾರಿಕೆಯನ್ನು ಯುನೆಸ್ಕೊ 2020ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಆದ್ದರಿಂದ ಯಾವುದೋ ಒಂದು ಬದಿಗೆ ಅಟ್ಟಣಿಗೆ ಕಟ್ಟಿರುವುದು ಮಾಮೂಲು, ಫೋಟೊ ಕೆಟ್ಟಿತೆಂದು ಬೇಜಾರಾಗಬೇಡಿ.

ಶರಾವತಿ
ಎಲ್ಲರಿಗೂ ಧನ್ಯವಾದ, ಇಷ್ಟು ನಿರೀಕ್ಷಿಸಿರಲಿಲ್ಲ. ರೈಲು, ಊಟದ ಬಗ್ಗೆಯೂ ಹೇಳಿಬಿಡಿ. ಮನೆಯವರೆಲ್ಲ ಸಸ್ಯಾಹಾರಿಗಳು. ಜರ್ಮನಿಯ ತಿಂಗಳ ಪಾಸ್ ಆದ ಡಾಯ್ಚ್‌ಲಾಂಡ್ ಟಿಕೆಟ್ ನಡೆಯುತ್ತದೆಯೇ?

ಕೇಲ್ ಕನ್ನಡಿಗ
ಗಡಿಯ ಈ ಬದಿ, ಜರ್ಮನಿಯ ಕೇಲ್ ಊರಿನವರೆಗೆ ಡಾಯ್ಚ್‌ಲಾಂಡ್ ಟಿಕೆಟ್‌ನಲ್ಲಿ ಬನ್ನಿ. ಕೇಲ್ ಸ್ಟೇಷನ್ ಪಕ್ಕದಲ್ಲೇ ಸ್ಟ್ರಾಸ್‌ಬರ್ಗ್‌ನ ಡಿ ಟ್ರಾಮ್ ಸಿಗುತ್ತದೆ, ರೈನ್ ದಾಟಿ ನೇರ ಊರೊಳಗೆ ಹೋಗುತ್ತದೆ. ಟ್ರಾಮ್‌ಗೆ ಬೇರೆ ಟಿಕೆಟ್ ತಗೊಳ್ಳಿ. ಕಾಗದದ ಟಿಕೆಟ್ ಆದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನಲ್ಲಿರುವ ಯಂತ್ರಕ್ಕೆ ಹಿಡಿದು ಮುದ್ರೆ ಹಾಕಿಸಬೇಕು. ಟಿಕೆಟ್ ಇದ್ದೂ ಮುದ್ರೆ ಇಲ್ಲದಿದ್ದರೆ ದಂಡ. ಲಾಂಗ್‌ಸ್ಟ್ರಾಸ್ ಗ್ರಾಂದ್ ರ‍್ಯೂ ನಿಲ್ದಾಣದಲ್ಲಿ ಇಳಿದರೆ ಕೆಥೆಡ್ರಲ್ ನಡೆದು ಐದಾರು ನಿಮಿಷ. ಹಿರಿಯರಿಗೆ ಬದಲಾವಣೆ ಬೇಡ ಎಂದರೆ ಸ್ಟುಟ್‌ಗಾರ್ಟ್‌ನಿಂದ ನೇರ ವೇಗದ ರೈಲಿದೆ, ಒಂದೂಕಾಲು ಗಂಟೆಯ ಚಿಲ್ಲರೆ. ಮೊದಲೇ ಬುಕ್ ಮಾಡಿದಷ್ಟು ಅಗ್ಗ. ಮುಖ್ಯ ಸ್ಟೇಷನ್ನಿನಿಂದ ನಡೆದರೆ ಹಿರಿಯರ ನಡಿಗೆಯಲ್ಲಿ ಇಪ್ಪತ್ತು ನಿಮಿಷ, ಎ ಅಥವಾ ಡಿ ಟ್ರಾಮ್ ಹಿಡಿಯಬಹುದು.

ಗಡಿಯಲ್ಲಿ ತಪಾಸಣೆ ನಡೆಯುತ್ತಿರುತ್ತದೆ, ಮುಖ್ಯವಾಗಿ ಜರ್ಮನಿಗೆ ವಾಪಸ್ ಬರುವಾಗ. ನಿಮ್ಮ ರೆಸಿಡೆನ್ಸ್ ಕಾರ್ಡ್, ಎಲ್ಲರ ಪಾಸ್‌ಪೋರ್ಟ್ ಮೂಲಪ್ರತಿಯೇ ಇರಲಿ, ಮೊಬೈಲಿನಲ್ಲಿನ ಫೋಟೊ ಸಾಲದು. ಊರಿಂದ ಬಂದವರ ಷೆಂಗನ್ ವೀಸಾ ಫ್ರಾನ್ಸಿಗೂ ನಡೆಯುತ್ತದೆ.

ಊಟ: ಅಲ್ಸಾಸಿನ ತಾರ್ತ್ ಫ್ಲಾಂಬೆ ನೋಡಲು ತೆಳು ಪಿಜ್ಜಾ ತರಹ ಇದ್ದು, ಈರುಳ್ಳಿ, ಕೆನೆಯ ಜೊತೆಗೆ ಹಂದಿಮಾಂಸದ ಚೂರು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅಣಬೆಯದು, ಚೀಸಿನದು ಎಂದು ಬರೆದಿದ್ದರೂ ಮಾಂಸ ಇರಬಹುದು, ಅವು ಮೂಲದ ಮೇಲೆ ಹೆಚ್ಚುವರಿ ಹಾಕಿದವು. ಆರ್ಡರ್ ಮಾಡುವಾಗ "ಸಾಂ ಲಾರ್ದೋಂ" (ಹಂದಿಮಾಂಸದ ಚೂರು ಇಲ್ಲದ್ದು) ಎಂದು ಸ್ಪಷ್ಟವಾಗಿ ಹೇಳಿ. ಬಹಳ ಅಂಗಡಿಗಳು ಮಧ್ಯಾಹ್ನ ಎರಡಕ್ಕೆ ಅಡುಗೆಮನೆ ಮುಚ್ಚುತ್ತವೆ. ಗಡಿಯಾರ ಮುಗಿಸಿ ಬರುವಾಗಲೇ ಒಂದು ಗಂಟೆ, ಅಡ್ಡಾಡುತ್ತಾ ಕೂರಬೇಡಿ.

ಹುಬ್ಬಳ್ಳಿ ಮಂದಿ
ಡಿಸೆಂಬರದಾಗ ಹೋಗೂವ್ರಿದ್ರ ಒಂದು ಮಾತು. ಕ್ರಿಸ್‌ಮಸ್ ಸಂತಿ 1570ರಿಂದ ನಡದೈತಿ, ಆವಾಗ ಕೆಥೆಡ್ರಲ್ ಮುಂದ ಹೆಜ್ಜಿ ಇಡಾಕ ಜಾಗ ಇರಂಗಿಲ್ಲ. ಸೇತುವಿಗಳ ಮ್ಯಾಲೆ ಬ್ಯಾಗ್ ತಪಾಸಣಿ ಮಾಡ್ತಾರ. ಹಿರ‍್ಯಾರ ಜೊತಿ ಇದ್ರ ಆ ತಿಂಗಳ ಬಿಟ್ಟುಬಿಡ್ರಿ. ಏಪ್ರಿಲ್, ಮೇ, ಸೆಪ್ಟೆಂಬರ್ ಚಲೋ.

ಗಾಜುಗಣ್ಣು
ಒಳಗಿನ ನಡವಳಿಕೆ: ಚಪ್ಪಲಿ ತೆಗೆಯುವ ಪದ್ಧತಿಯಿಲ್ಲ, ಟೋಪಿ ತೆಗೆಯಬೇಕು. ಫೋಟೊ ತೆಗೆಯಬಹುದು, ಫ್ಲಾಶ್ ಬೇಡ. ಪೂಜೆ ನಡೆಯುತ್ತಿದ್ದರೆ ಸುತ್ತಾಡಬಾರದು, ಬೇಕಿದ್ದರೆ ಕೊನೆಯ ಸಾಲಿನಲ್ಲಿ ಕೂತು ಆರ್ಗನ್ ಕೇಳಬಹುದು. ದೊಡ್ಡ ಸೂಟ್‌ಕೇಸ್ ಒಳಗೆ ಬಿಡುವುದಿಲ್ಲ, ಬಾಗಿಲಲ್ಲಿ ಚೀಲ ತೆರೆದು ತೋರಿಸಬೇಕಾಗುತ್ತದೆ. ಒಳಗೆ ಶೌಚಾಲಯವಿಲ್ಲ, ಮ್ಯೂಸಿಯಂನಲ್ಲಿ ಅಥವಾ ಊಟದ ಜಾಗದಲ್ಲೇ ಮುಗಿಸಿಕೊಳ್ಳಿ. ಬೇಸಿಗೆಯಲ್ಲೂ ಒಳಗೆ ತಣ್ಣಗಿರುತ್ತದೆ, ಹಿರಿಯರಿಗೆ ಒಂದು ಶಾಲು ಇರಲಿ.

ರೈನ್‌ದಂಡೆ
ವಾಪಸ್ ರೈಲು ತಡವಾಗಿದ್ದರೆ ರಾತ್ರಿ ಹತ್ತರವರೆಗೆ ಉಳಿಯಬಹುದು. ಆ ಹೊತ್ತಿಗೆ ಪ್ರತಿದಿನ ಗೋಪುರದಿಂದ ಒಂದೇ ಗಂಟೆ ಹೊಡೆಯುತ್ತದೆ. ಹಿಂದೆ ಅದು ಊರ ಬಾಗಿಲು ಮುಚ್ಚುವ ವೇಳೆಯ ಗುರುತು. ಹಗಲು ವ್ಯಾಪಾರಕ್ಕೆ ಬಂದ ಯಹೂದಿಯರು ಅಷ್ಟರೊಳಗೆ ಊರು ಬಿಟ್ಟಿರಬೇಕಿತ್ತು, ಒಳಗೆ ರಾತ್ರಿ ತಂಗುವಂತಿರಲಿಲ್ಲ. ಮರಳುಗಲ್ಲು ಅವರು ಬರೆದ ಕಣ್ಣುಪಟ್ಟಿಯ ಮೂರ್ತಿಯ ಜೊತೆಗೆ ಇದನ್ನೂ ಮಕ್ಕಳಿಗೆ ಹೇಳಿ. ಹಿರಿಯರಿಗೆ ಅಷ್ಟು ಹೊತ್ತು ಕಷ್ಟವೆನಿಸಿದರೆ ಸಂಜೆ ಆರಕ್ಕೆ ಹೊರಡುವ ಹಾಗೆ ನೋಡಿ. ಪಶ್ಚಿಮದ ಬೆಳಕಿಗೆ ಅಷ್ಟು ಸಮಯ ಸಾಕು.